ಒಂಬತ್ತನೆಯವಳ ಅರ್ಧ ಮಾತು

ಆಗಸ್ಟ್ 4

ಇಕ್ಕಳಮ್ಮನಿಗೆ,

ಮೊದಲು ಪಟ್ಟಿ. ಪಟ್ಟಿಯಿಲ್ಲದೆ ನನಗೆ ಬರೆಯಲು ಬರುವುದಿಲ್ಲ ಎಂದು ನಿನಗೆ ಗೊತ್ತು.

ಕೈಗವಸು ಕೊಡುತ್ತೇವೆ ಎಂದರು ಕಂಪನಿಯವರು, ಕೊಡಲಿಲ್ಲ. ಮೂಗಿಗೆ ಮಾಸ್ಕ್ ಕೊಡುತ್ತೇವೆ ಎಂದರು; ತಪಾಸಣೆಯ ದಿನ ಬೆಳಿಗ್ಗೆ ಕೊಟ್ಟು ಸಂಜೆ ಕಿತ್ತುಕೊಂಡರು. ಬಣ್ಣದ ಪುಡಿ ತೂಗುವ ಕೋಣೆಗೆ ದೊಡ್ಡ ಫ್ಯಾನು ಹಾಕುತ್ತೇವೆ ಎಂದರು. ಗೋಡೆಗೆ ತೂತು ಕೊರೆದು ಹೋದರು, ತೂತು ಇನ್ನೂ ಇದೆ. ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಸುತ್ತೇವೆ ಎಂದರು. ತೆಗೆಸಿದರು, ನಮಗೆ ತೋರಿಸಲಿಲ್ಲ. ಈಗ ವಿಚಾರಣಾ ಸಮಿತಿಯ ಮುಂದೆ ನಿಂತು, ಬಣ್ಣದ ಪುಡಿಯಿಂದ ಒಬ್ಬಳಿಗೂ ಕೆಮ್ಮು ಬಂದಿಲ್ಲ ಎನ್ನುತ್ತಿದ್ದಾರೆ.

ಎರಡನೆಯ ಪಟ್ಟಿ ಚಿಕ್ಕದು, ನಮ್ಮ ಹೇಳಿಕೆಗಳನ್ನು ತುಂಬಿಡುವ ಡ್ರೈವಿನದು. ಎರಡು ಟಿಬಿ ಹಿಡಿಸುತ್ತದೆ ಎಂದರು. ಬಿದ್ದರೆ ಒಡೆಯುವುದಿಲ್ಲ, ನೆನೆದರೆ ಕೆಡುವುದಿಲ್ಲ, ಹತ್ತು ವರ್ಷ ಗ್ಯಾರಂಟಿ ಎಂದರು. ಮೊನ್ನೆ ನಮ್ಮ ವಕೀಲೆ ನಲವತ್ತೊಂದು ಹೆಂಗಸರ ಹೇಳಿಕೆಯ ವಿಡಿಯೋ ಕೇಳಿದರು. ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದೆ. ನಲವತ್ತೊಂದು ಹೆಸರೂ ಸಾಲಾಗಿ ನಿಂತಿದ್ದವು. ಎಂಟರವರೆಗೆ ಸರಿ. ಒಂಬತ್ತನ್ನು ಒತ್ತಿದೆ, ಕಪ್ಪು. ಹತ್ತು, ಕಪ್ಪು. ನಲವತ್ತೊಂದರವರೆಗೂ ಒತ್ತಿದೆ.

ನಾವು ಎಚ್ಚರ ತಪ್ಪಿದವರಲ್ಲ. ನಮ್ಮ ಪ್ರತಿ ಸಭೆಯೂ ಆ ಡ್ರೈವಿನಿಂದಲೇ ಶುರು. ಮೊದಲ ಹೇಳಿಕೆ ಅಮ್ಮನದು. ನಿನ್ನ ಅಮ್ಮ, ನನ್ನ ಅತ್ತೆ. ಅದರ ಮೊದಲ ಒಂದು ನಿಮಿಷ ಹಾಕುತ್ತೇವೆ. "ನನ್ ಹೆಸ್ರು ಬರ್ಕೊಳ್ಳಿ. ದಪ್ಪಕ್ಷರದಲ್ಲಿ ಬರ್ಕೊಳ್ಳಿ. ನಂಗೇನು ಭಯ!" ಎಲ್ಲರೂ ಎದ್ದು ನಿಂತು ಕೇಳುತ್ತೇವೆ, ಆಮೇಲೆ ಕೆಲಸ. ಹೊಸ ಹೇಳಿಕೆ ತುಂಬಿದ ದಿನವೂ ಅಮ್ಮನನ್ನೇ ಹಾಕಿ ಪರೀಕ್ಷೆ ಮಾಡುತ್ತಿದ್ದೆವು. ಆಕೆ ಹೋಗಿ ಮೂರು ವರ್ಷವಾಯಿತು, ದನಿ ಒಂದು ದಿನವೂ ತಡವರಿಸಿಲ್ಲ.

ಅಂದರೆ ಯಾರೋ ಅಳಿಸಿದ್ದಾರೆ. ಯಾರೆಂದೂ ನನಗೆ ಗೊತ್ತು. ಡ್ರೈವ್ ಇರುತ್ತಿದ್ದದ್ದು ಸಂಘದ ಗಾಡಿ ಓಡಿಸುವ ನಮ್ಮ ಗಾಡಿಯಣ್ಣನ ಮನೆಯಲ್ಲಿ, ಟವೆಲಿನಲ್ಲಿ ಸುತ್ತಿಕೊಂಡು. ಅವನ ಭಾವಮೈದುನ ಕಂಪನಿಯ ಗೇಟಿನಲ್ಲಿ ಕಾವಲುಗಾರ. ಇನ್ನೇನು ಬೇಕು?

ಹಾಳಾದ ಡ್ರೈವುಗಳಿಂದ ಕಳೆದದ್ದನ್ನು ಎತ್ತಿ ತೆಗೆಯುವುದೇ ನಿನ್ನ ಅಂಗಡಿಯ ಕೆಲಸ. ಡ್ರೈವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಫೋನ್ ಮಾಡಬೇಡ, ಸಂಘದ ವಿಷಯ ಕಾಗದದಲ್ಲೇ ಇರಬೇಕು, ಅದು ಅಮ್ಮ ಹಾಕಿಕೊಟ್ಟ ಕ್ರಮ. ಸೆಪ್ಟೆಂಬರ್ 26ರೊಳಗೆ ಎಲ್ಲವನ್ನೂ ಸಮಿತಿಗೆ ಒಪ್ಪಿಸಬೇಕು. ಇಲ್ಲದಿದ್ದರೆ ಕಡತ ಮುಚ್ಚುತ್ತಾರೆ.

ಅತ್ತಿಗೆ

*

ಆಗಸ್ಟ್ 11

ಅತ್ತಿಗೆಯವರಿಗೆ,

ಡ್ರೈವ್ ತಲುಪಿತು. ಎಂಟು ಹೇಳಿಕೆ ಪೂರ್ತಿ ಇವೆ, ಪ್ರತಿ ತೆಗೆದಿಟ್ಟಿದ್ದೇನೆ. ಒಂಬತ್ತನೆಯದರಲ್ಲಿ ಕೆಲವು ನಿಮಿಷ ಸಿಗಬಹುದು, ನೋಡುತ್ತೇನೆ. ಉಳಿದವು ಇದರಲ್ಲಿಲ್ಲ.

ಇದನ್ನು ಕೊಂಡದ್ದು ಯಾರು, ಎಲ್ಲಿ? ಬಂದ ಡಬ್ಬಿ ಇದೆಯೇ?

ಕ್ಯಾಮೆರಾದಲ್ಲಿ ಬಳಸಿದ ಕಾರ್ಡುಗಳನ್ನು ತಕ್ಷಣ ಕಳಿಸಿ. ಖಾಲಿ ಇದ್ದರೂ ಕಳಿಸಿ. ಅವುಗಳಲ್ಲಿ ಹೊಸದಾಗಿ ಏನನ್ನೂ ತೆಗೆಯಬೇಡಿ, ಒಂದು ಫೋಟೋವನ್ನೂ.

ನಿಮ್ಮ
ನಾದಿನಿ

*

ಆಗಸ್ಟ್ 15

ಇಕ್ಕಳಮ್ಮ,

ನಿನ್ನ ಕಾಗದ ಓದಿದೆ. ಗಿರಾಕಿಗೆ ಬರೆದುಕೊಡುವ ಚೀಟಿಯೂ ಇದಕ್ಕಿಂತ ಬೆಚ್ಚಗಿರುತ್ತದೆ.

"ಉಳಿದವು ಇದರಲ್ಲಿಲ್ಲ" ಎಂದು ಒಂದು ಸಾಲಿನಲ್ಲಿ ಗೀಚಿದೆಯಲ್ಲ, ಆ ಉಳಿದವರು ಯಾರು ಗೊತ್ತೇ? ಹಳದಿ ವಿಭಾಗದ ಅಜ್ಜಿ ಇದ್ದಳು. ಬೆವರಿದರೆ ಅವಳ ರವಿಕೆಯ ಬೆನ್ನು ಹಳದಿಯಾಗುತ್ತಿತ್ತು. ನೀಲಿ ವಿಭಾಗದ ಅಕ್ಕತಂಗಿಯರಿದ್ದಾರೆ. ಮೂರು ಸಲ ಸೋಪು ಹಾಕಿ ತೊಳೆದ ಕೈಯಲ್ಲಿ ಮಗುವನ್ನು ಎತ್ತಿಕೊಂಡರೂ ಮಗುವಿನ ಕೆನ್ನೆಗೆ ಗುರುತು ಬೀಳುತ್ತದೆ. ಅವರು ಇದರಲ್ಲಿಲ್ಲವಂತೆ.

ನಿನ್ನನ್ನು ಅಂದು ಏನು ಪ್ರಯೋಜನ? ಅಮ್ಮ ಕೊನೆಯ ಎಂಟು ತಿಂಗಳು ಹಾಸಿಗೆಯಲ್ಲಿದ್ದಾಗ ನೀನು ಎರಡೇ ಸಲ ಬಂದೆ. ಬಂದಾಗಲೂ ಹಾಳಾದ ರೇಡಿಯೋ ಬಿಚ್ಚಿಕೊಂಡು ಮೂಲೆಯಲ್ಲಿ ಕೂತೆ. ನಿನ್ನ ಅಣ್ಣ "ಬಿಡೇ, ಅವ್ಳು ಹಾಗೇ" ಎನ್ನುತ್ತಾರೆ. ನಾನು ಬಿಟ್ಟಿಲ್ಲ.

ಕಾರ್ಡುಗಳನ್ನು ಕಳಿಸಿದ್ದೇನೆ. ಎರಡೇ ಇರುವುದು. ಡ್ರೈವಿಗೆ ತುಂಬಿದ ಮೇಲೆ ಅಳಿಸಿ ಮತ್ತೆ ಬಳಸುತ್ತಿದ್ದೆವು. ಡಬ್ಬಿ ಎಸೆದಾಯಿತು. ಕೊಂಡದ್ದು ಸಂಘ.

ಗಾಡಿಯಣ್ಣನನ್ನು ಸಂಘದ ಸಮಿತಿಯಿಂದ ತೆಗೆದಿದ್ದೇವೆ. ತುಂಬಿದ ಸಭೆಯಲ್ಲಿ ನಾನೇ ಎದ್ದು ಹೇಳಿದೆ. ಅವನು ಒಂದು ಮಾತೂ ಆಡದೆ ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೋದ. ತಪ್ಪಿಲ್ಲದವನು ಹಾಗೆ ಹೋಗುತ್ತಾನೆಯೇ? ಅಳಿಸಿದ ತಾರೀಕು ಡ್ರೈವಿನಲ್ಲಿ ಇದ್ದೇ ಇರುತ್ತದೆ. ಅದನ್ನು ಹುಡುಕಿ ಬರೆ.

ಅತ್ತಿಗೆ

*

ಆಗಸ್ಟ್ 22

ಅತ್ತಿಗೆ,

ಅಳಿಸಿದ ತಾರೀಕು ಇಲ್ಲ, ಏಕೆಂದರೆ ಯಾರೂ ಅಳಿಸಿಲ್ಲ. ಈ ಸಾಲಿನ ಕೆಳಗೆ ಗೆರೆ ಎಳೆದು ಸಭೆಯಲ್ಲಿ ಓದಿ. ಗಾಡಿಯಣ್ಣ ಆ ಡ್ರೈವನ್ನು ಮಡಚಿದ ಟವೆಲಿನಲ್ಲಿ ಸುತ್ತಿ ಇಟ್ಟಿದ್ದನೇ ಹೊರತು ಇನ್ನೇನೂ ಮಾಡಿಲ್ಲ.

ನಾನು ಅದರ ಹೊದಿಕೆ ಬಿಚ್ಚಿದೆ. ಮೇಲೆ ಕಾಣುವ ಸ್ಕ್ರೂಗಳು ಬರೀ ಅಲಂಕಾರ, ಅಂಟು ಹಾಕಿ ಮುಚ್ಚಿದ್ದರು. ಒಳಗೆ ಒಂದು ಕಬ್ಬಿಣದ ಬಿಲ್ಲೆ, ಕೈಗೆತ್ತಿಕೊಂಡವರಿಗೆ ತೂಕ ಸಿಗಲಿ ಎಂದು. ಮೂಲೆಯಲ್ಲಿ ಫೋನಿಗೆ ಹಾಕುವಂಥ ಒಂದು ಮೆಮೊರಿ ಕಾರ್ಡು, ಕಿರುಬೆರಳ ಉಗುರಿನಷ್ಟು. ಅರವತ್ತನಾಲ್ಕು ಜಿಬಿ. ಎರಡು ಟಿಬಿಯ ಮೂವತ್ತರಲ್ಲಿ ಒಂದು ಪಾಲು. ಉಳಿದದ್ದು ಗಾಳಿ.

ಆ ಕಾರ್ಡಿಗೆ ಒಂದೇ ಒಂದು ಸುಳ್ಳು ಕಲಿಸಿದ್ದಾರೆ. ನಿನ್ನ ಅಳತೆ ಎಷ್ಟು ಎಂದು ಕಂಪ್ಯೂಟರ್ ಕೇಳಿದರೆ ಎರಡು ಟಿಬಿ ಎನ್ನಬೇಕು. ಹೊಟ್ಟೆ ತುಂಬಿದ ಮೇಲೂ ಇದನ್ನು ತಗೋ ಎಂದರೆ ಹೂಂ, ತಗೊಂಡೆ ಎನ್ನಬೇಕು. ಹೆಸರುಗಳ ಪಟ್ಟಿಗೆ ಕಾರ್ಡಿನ ಶುರುವಿನಲ್ಲೇ ಜಾಗವಿದೆ, ಹಾಗಾಗಿ ಹೆಸರು ಬರೆದುಕೊಳ್ಳುತ್ತದೆ. ಮಾತನ್ನು ಬಿಟ್ಟುಬಿಡುತ್ತದೆ. ಹೆಸರಿದೆ, ತಾರೀಕಿದೆ, ಅಳತೆಯಿದೆ, ಒಳಗೆ ಹೆಂಗಸಿಲ್ಲ. ಕಂಪನಿಯ ಕೈಗವಸಿನ ಪುಸ್ತಕದಲ್ಲಿ ಅಮ್ಮನ ಹೆಬ್ಬೆಟ್ಟಿತ್ತು, ನೆನಪಿದೆಯೇ? ಹೆಬ್ಬೆಟ್ಟು ಇದ್ದದ್ದು ಪುಸ್ತಕದಲ್ಲಿ, ಗವಸು ಇರಲಿಲ್ಲ ಕೈಯಲ್ಲಿ. ಅದೇ ಕಸುಬು ಇದು.

ಮೊದಲು ತುಂಬಿದ್ದು ಭದ್ರವಾಗಿರುತ್ತದೆ. ನೀವು ಸಭೆಗೂ ಪರೀಕ್ಷೆಗೂ ಮೊದಲನೆಯದನ್ನೇ ಹಾಕುತ್ತಿದ್ದಿರಿ. ಇನ್ನೂ ಮೂವತ್ತು ವರ್ಷ ಹಾಕಿದ್ದರೂ ಅಮ್ಮ ಮಾತಾಡುತ್ತಲೇ ಇರುತ್ತಿದ್ದಳು. ಒಂದೇ ಒಂದು ಸಲ ಕೊನೆಯವಳನ್ನು ಹಾಕಿ ನೋಡಿದ್ದರೆ ಗೊತ್ತಾಗುತ್ತಿತ್ತು.

ನನಗೆ ಸಿಟ್ಟು ಬಂತು. ಆದರೆ ಸಿಟ್ಟಿಗಿಂತ ಮೊದಲು ಬೇರೇನೋ ಆಯಿತು, ಅದನ್ನು ಹೇಗೆ ಬರೆಯಬೇಕೋ ತಿಳಿಯದೆಯೇ ಮೊದಲ ಕಾಗದ ಚೀಟಿಯಂತಾಯಿತು. ಹದಿನಾರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಆದರೂ ಆ ಕಾರ್ಡನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿದವಳು ಬಹಳ ಹೊತ್ತು ಕೆಳಗಿಡಲಿಲ್ಲ. ಇಷ್ಟರ ಮೇಲೆ ಎಂಟು ಹೆಂಗಸರು ನಿಂತಿದ್ದಾರೆ. ಅವರ ಕೆಮ್ಮು, ನಡುನಡುವೆ ಲೋಟ ಕೆಳಗಿಟ್ಟ ಸದ್ದು, "ಇದನ್ನ ಹೇಳ್ಬೋದಾ?" ಎಂದು ಯಾರನ್ನೋ ಕೇಳುವ ನೋಟ, ಬಣ್ಣ ಕೂತ ಉಗುರುಗಳ ಒಂದೊಂದು ಗೆರೆ. ಯಾವುದೋ ಊರಿನ ಯಾವುದೋ ಶೆಡ್ಡಿನಲ್ಲಿ ನಮ್ಮಂಥ ಹೆಂಗಸೇ ಇದನ್ನು ಅಂಟಿಸಿರಬೇಕು, ಅವಳಿಗೂ ಏನೇನೋ ಕೊಡುತ್ತೇವೆ ಎಂದಿರಬೇಕು. ಸುಳ್ಳು ಕಲಿಸಿದವರು ಬೇರೆ. ತನ್ನ ಪಾಲಿಗೆ ಬಂದದ್ದರಲ್ಲಿ ಈ ಉಗುರಿನಷ್ಟು ಚೂರು ಒಂದು ಉಸಿರನ್ನೂ ಕಳೆದಿಲ್ಲ.

ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿದಿರಿ ಅಂದಿರಿ. ಅಳಿಸಿದರೆ ತಕ್ಷಣ ಹೋಗುವುದಿಲ್ಲ, ಮೇಲೆ ಬೇರೆ ಬರೆಯುವವರೆಗೆ ಅಡಿಯಲ್ಲಿ ಇರುತ್ತದೆ. ಕೊನೆಯ ಆರು ಜನ ಸಿಕ್ಕರು, ಮೂವತ್ತಾರರಿಂದ ನಲವತ್ತೊಂದು. ಎಂಟೂ ಆರೂ ಹದಿನಾಲ್ಕು. ಒಂಬತ್ತನೆಯವಳು ನಾಲ್ಕು ನಿಮಿಷ ಮಾತಾಡಿದ್ದಾಳೆ. "ಆವತ್ತು ನಾನು ರಕ್ತ ಕಕ್ದೆ. ಸೂಪರ್‌ವೈಸರ್ ನನ್ನ ಒಳಗೆ ಕರ್ದು ಬಾಗ್ಲು ಹಾಕಿ..." ಅಲ್ಲಿಗೆ ಕಾರ್ಡು ತುಂಬಿದೆ. ಅಲ್ಲಿಂದ ಮೂವತ್ತೈದರವರೆಗೆ ಎಲ್ಲೂ ಇಲ್ಲ. ಯಾವ ಊರಿನ ಯಾವ ಯಂತ್ರದಿಂದಲೂ ಬರುವುದಿಲ್ಲ. ಬರೆಯದೇ ಇದ್ದದ್ದನ್ನು ಎತ್ತಿ ತೆಗೆಯುವ ವಿದ್ಯೆ ನನಗೆ ಗೊತ್ತಿಲ್ಲ.

ಕೊಂಡದ್ದು ಸಂಘ ಎಂದಿರಿ. ಸಂಘಕ್ಕೆ ಕೈಯಿಲ್ಲ ಅತ್ತಿಗೆ. ಒತ್ತಿದ್ದು ಯಾರ ಬೆರಳು? ಅವರಿಂದ ಆ ಮಾರಾಟಗಾರ ಇನ್ನೂ ಎಷ್ಟು ಜನರಿಗೆ ಮಾರುತ್ತಿದ್ದಾನೆ ಎಂದು ತಿಳಿಯಬೇಕು.

ನಾದಿನಿ

*

ಆಗಸ್ಟ್ 26

ಇಕ್ಕಳಮ್ಮ,

ನಾನು.

ನನ್ನ ಬೆರಳು. ನನ್ನ ಫೋನು. ಮಧ್ಯಾಹ್ನ ಗೇಟಿನ ಹತ್ತಿರ ಧರಣಿ ಕೂತಿದ್ದಾಗ ಒಂದು ಜಾಲತಾಣದಿಂದ ತರಿಸಿದೆ, ಅದರ ವಿಳಾಸ ಈ ಕಾಗದದ ಹಿಂಬದಿಯಲ್ಲಿದೆ. ಅಂಗಡಿಯ ಬೆಲೆಯ ಕಾಲು ಭಾಗಕ್ಕೆ ಇತ್ತು. "ಇವತ್ತು ಮಾತ್ರ" ಎಂದು ಕೆಂಪಕ್ಷರ ಮಿನುಗುತ್ತಿತ್ತು. ಕೆಳಗೆ ಸಾವಿರಾರು ಜನ ಚೆನ್ನಾಗಿದೆ ಎಂದು ಬರೆದಿದ್ದರು. ಇವತ್ತು ಹೋಗಿ ಓದಿದೆ: "ಬಟ್ಟೆ ಮೆತ್ತಗಿದೆ", "ಸೊಂಟದ ಅಳತೆ ಸರಿಯಿದೆ". ಬೇರೆ ಯಾವುದೋ ಸಾಮಾನಿಗೆ ಬಂದ ಹೊಗಳಿಕೆಯ ಕೆಳಗೆ ಇದನ್ನು ತೂರಿಸಿದ್ದಾರೆ. ಅವತ್ತು ನಾನು ನಕ್ಷತ್ರ ಎಣಿಸಿದೆ, ಮಾತು ಓದಲಿಲ್ಲ. ಮಾಲೀಕನ ಕರಾರನ್ನು ಮೂರು ಸಲ ಓದಿಸಿ ಸಹಿ ಹಾಕುವವಳು ನಾನು!

ಅದಕ್ಕೂ ತಿಂಗಳ ಮೊದಲು, "ಡ್ರೈವ್ ಬೇಕಾದ್ರೆ ಹೇಳಿ, ನೋಡಿ ಕಳಿಸ್ತೀನಿ" ಎಂದು ನೀನು ಬರೆದಿದ್ದೆ. ಆ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ನಿನ್ನಿಂದ ಏನೂ ಬೇಡ ಅನಿಸಿತ್ತು.

ಇನ್ನೊಂದು. ಎಂಟರವರೆಗೆ ಯಾರು? ಅಮ್ಮ, ನಾನು, ಕಾಯಂ ಕೆಲಸದವರು. ಒಂಬತ್ತರಿಂದ ಗುತ್ತಿಗೆಯವರು ಶುರು. ಸಾಲು ಹಾಕಿದ್ದು ಕಂಪನಿಯಲ್ಲ, ನಾನು. ಪರೀಕ್ಷೆಗೂ ಅವರನ್ನು ಹಾಕಬೇಕೆಂದು ನನಗೆ ತೋಚಲಿಲ್ಲ.

ಯಾರಿಗೂ ಹೇಳಿಲ್ಲ. ಗಾಡಿಯಣ್ಣನ ಮನೆ ಬಾಗಿಲವರೆಗೆ ಹೋಗಿ ಎರಡು ಸಲ ವಾಪಸ್ ಬಂದೆ. ಆ ಇಪ್ಪತ್ತೇಳು ಜನರಲ್ಲಿ ಇಬ್ಬರು ಬದುಕಿಲ್ಲ. ಹಳದಿ ಅಜ್ಜಿ ಒಬ್ಬಳು.

ಅತ್ತಿಗೆ

*

ಆಗಸ್ಟ್ 31

ಅತ್ತಿಗೆ,

ಇದರ ಜೊತೆ ಆ ಕಬ್ಬಿಣದ ಬಿಲ್ಲೆ, ಸಿಕ್ಕ ಹೇಳಿಕೆಗಳ ಪ್ರತಿ ಇರುವ ಒಂದು ಪೆನ್‌ಡ್ರೈವ್, ಮತ್ತೆ ಎರಡು ಖಾಲಿ ಡ್ರೈವ್ ಇವೆ, ಡ್ರೈವುಗಳು ತಯಾರಕರ ಅಧಿಕೃತ ಅಂಗಡಿಯಿಂದ ಬಿಲ್ಲು ಸಮೇತ ತಂದದ್ದು. ಆದರೂ ನನ್ನನ್ನು ನಂಬಬೇಡಿ, ಬಿಲ್ಲನ್ನೂ ನಂಬಬೇಡಿ. ನಾನು ಒಂದು ಇಡೀ ದಿನ ಅವೆರಡನ್ನೂ ಕೊನೆಯ ಅಂಚಿನವರೆಗೆ ತುಂಬಿ, ತುಂಬಿದ್ದನ್ನೆಲ್ಲ ಮತ್ತೆ ಓದಿಸಿ, ಒಂದಕ್ಕೊಂದು ತಾಳೆ ನೋಡಿದ್ದೇನೆ. ಅದಕ್ಕೆ ಪುಕ್ಕಟೆ ಸಿಗುವ ಸಾಫ್ಟ್‌ವೇರನ್ನೂ ಪೆನ್‌ಡ್ರೈವಿನಲ್ಲೇ ಹಾಕಿದ್ದೇನೆ, ನೀವೂ ಒಮ್ಮೆ ಮಾಡಿ. ಖಾಲಿ ಇರುವಾಗಲೇ ಮಾಡಬೇಕು. ಹೇಳಿಕೆ ತುಂಬಿದ ಮೇಲೆ ಮಾಡಿದರೆ ಅವನ್ನೇ ಅಳಿಸಿಬಿಡುತ್ತದೆ. ಒಂದು ಡ್ರೈವ್ ನಿಮ್ಮಲ್ಲಿರಲಿ, ಇನ್ನೊಂದು ಬೇರೆ ಮನೆಯಲ್ಲಿ. ಎರಡಕ್ಕೂ ಸೇರಿಸದೆ ಕ್ಯಾಮೆರಾದ ಕಾರ್ಡ್ ಅಳಿಸುವಂತಿಲ್ಲ.

ಮೋಸದ ವಿಷಯ ಆ ಜಾಲತಾಣಕ್ಕೆ ಬರೆದಿದ್ದೇನೆ, ಬಿಚ್ಚಿದ ಫೋಟೋ ಸಹಿತ. ಅವನ ಅಂಗಡಿ ಮುಚ್ಚಿದರು. ಮರುದಿನವೇ ಬೇರೆ ಹೆಸರಿನಲ್ಲಿ ತೆರೆದಿದ್ದಾನೆ, ಅದೇ ಫೋಟೋ, ಅದೇ ಕೆಂಪಕ್ಷರ. ಮತ್ತೆ ಬರೆದೆ. ಅವನು ಎಷ್ಟು ಸಲ ತೆರೆಯುತ್ತಾನೋ ಅಷ್ಟು ಸಲ ಬರೆಯುತ್ತೇನೆ. ಇಕ್ಕಳ ಎಂದು ಹೆಸರಿಟ್ಟದ್ದು ಸುಮ್ಮನೆಯಲ್ಲ.

ಈಗ ನಾನು ಮುಚ್ಚಿಟ್ಟದ್ದು. ಡ್ರೈವ್ ಬಂದ ದಿನವೇ ಅಮ್ಮನ ಹೇಳಿಕೆ ಹಾಕಿದೆ. ನೀವು ಒಂದು ನಿಮಿಷಕ್ಕೆ ನಿಲ್ಲಿಸುತ್ತೀರಿ. ಅದು ಐವತ್ತೆರಡು ನಿಮಿಷ ಇದೆ ಅತ್ತಿಗೆ. ಅವತ್ತು ನಿಮ್ಮನ್ನು ಗೇಟಿನ ಗಲಾಟೆಯಲ್ಲಿ ಠಾಣೆಗೆ ಒಯ್ದಿದ್ದರು, ಕ್ಯಾಮೆರಾ ಹಿಡಿದದ್ದು ಗಾಡಿಯಣ್ಣ. ನಲವತ್ತನೆಯ ನಿಮಿಷದಲ್ಲಿ ಅವನ ದನಿ ಕೇಳುತ್ತದೆ: "ಮಗ್ಳಿಗೇನಾದ್ರೂ ಹೇಳ್ಬೇಕಾ ಅಮ್ಮ?"

ಅಮ್ಮ ನಗುತ್ತಾಳೆ. "ಅವ್ಳಿಗೇನ್ ಹೇಳೋದು? ನಾನೇ ತಳ್ಳಿದ್ದು ಅವ್ಳನ್ನ ಇಲ್ಲಿಂದ. ಬರ್ಬೇಡ, ಬಂದ್ರೂ ಹೆಚ್ಚು ದಿನ ಇರ್ಬೇಡ ಅಂತ ಆಣೆ ಹಾಕಿಸ್ಕೊಂಡಿದೀನಿ. ಈ ಬಣ್ಣ ಒಂದ್ ಕೈಗಾದ್ರೂ ಹತ್ಬಾರ್ದು. ನನ್ ಸೊಸೆ ಬೈತಾಳೆ ಅವ್ಳಿಗೆ, ಬೈಲಿ. ಸೊಸೆಗೆ ಗೊತ್ತಾದ್ರೆ ಅವ್ಳೂ ಹೋಗ್ಬಿಟ್ರೆ ಸಂಘ ಯಾರ್ ನಡೆಸ್ತಾರೆ?"

ಆಣೆಯನ್ನು ನಾನು ಮೀರಲಿಲ್ಲ, ಅದಕ್ಕೇ ರೇಡಿಯೋ ಬಿಚ್ಚಿ ಕೂರುತ್ತಿದ್ದೆ. ಅಮ್ಮನ ಮುಖ ನೋಡಿದ್ದರೆ ಎದ್ದು ಬರಲು ಆಗುತ್ತಿರಲಿಲ್ಲ.

ಹೋಗಿ ಹೇಳಿ. ಎಲ್ಲರಿಗೂ, ನೀವೇ. ಗಾಡಿಯಣ್ಣನಿಗೆ ಮೊದಲು.

ನಾದಿನಿ

*

ಸೆಪ್ಟೆಂಬರ್ 16

ಇಕ್ಕಳಮ್ಮ, ನನ್ನ ತಾಯಿ,

ಹದಿನೈದು ದಿನ ಬರೆಯಲಿಲ್ಲ. ಪುರುಸೊತ್ತಿರಲಿಲ್ಲ, ಬರೆಯುವ ಮುಖವೂ ಇರಲಿಲ್ಲ.

ಐವತ್ತೆರಡು ನಿಮಿಷ ನೋಡಿದೆ. ನಿನ್ನ ಅಣ್ಣನೂ ಪಕ್ಕದಲ್ಲಿ ಕೂತು ನೋಡಿದರು. "ಪೂರ್ತಿ ನೋಡಿ ಅಕ್ಕಾ" ಎಂದು ಗಾಡಿಯಣ್ಣ ಮೂರು ವರ್ಷದಲ್ಲಿ ಎಷ್ಟು ಸಲ ಹೇಳಿದ್ದನೋ. ನನಗೆ ಭಾಷಣಕ್ಕೆ ಬೇಕಾದ ಅಮ್ಮ ಒಂದು ನಿಮಿಷದಲ್ಲಿ ಸಿಕ್ಕಿದ್ದಳು, ಉಳಿದ ಅಮ್ಮನನ್ನು ನಾನು ತೆರೆಯಲೇ ಇಲ್ಲ.

ಅವನ ಮನೆಗೆ ಹೋದೆ. ಯಾರದೋ ಗಾಡಿಯ ಅಡಿಯಲ್ಲಿ ಮಲಗಿ ಏನೋ ರಿಪೇರಿ ಮಾಡುತ್ತಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಕಾಲಿಗೇ ಎಲ್ಲವನ್ನೂ ಹೇಳಿದೆ. ಅಡಿಯಿಂದ ದನಿ ಬಂತು: "ಅಕ್ಕಾ, ಆ ಹದಿನಾಲ್ಕನೇ ನಂಬರ್ ಸ್ಪ್ಯಾನರ್ ಕೊಡಿ." ಕೊಟ್ಟೆ. "ಸಭೇಲಿ ಬೈದ್ರಿ, ಸಭೇಲೇ ಹೇಳಿ" ಎಂದ. ಸರಿಯಾದ ಮಾತು.

ಸಭೆ ಕರೆದೆ. ತಗಡಿನ ಶೆಡ್ಡು ತುಂಬಿ ಬಾಗಿಲಾಚೆಯೂ ನಿಂತಿದ್ದರು. ಈ ಸಲ ಅಮ್ಮನನ್ನು ಹಾಕಲಿಲ್ಲ. ನಿನ್ನ ಕಾಗದದ ಗೆರೆ ಎಳೆದ ಸಾಲು ಓದಿದೆ, ಗಾಡಿಯಣ್ಣನ ಕೀಲಿಯನ್ನು ಅವನ ಕೈಗಿಟ್ಟೆ, ಎಲ್ಲರ ಮುಂದೆ ತಪ್ಪೊಪ್ಪಿಕೊಂಡೆ. ಆಮೇಲೆ ಕಬ್ಬಿಣದ ಬಿಲ್ಲೆಯನ್ನು ಕೈಯಿಂದ ಕೈಗೆ ಕಳಿಸಿದೆ. ಆಮೇಲೆ ಇಪ್ಪತ್ತೇಳು ಹೆಸರನ್ನು ಓದಿದೆ. ನಿಮ್ಮ ಮಾತು ಹೋಯಿತು, ಕಳೆದವಳು ನಾನು ಎಂದೆ.

ಕೆಮ್ಮೂ ನಿಂತಿತ್ತು, ನಮ್ಮಲ್ಲಿ ಅದು ನಿಲ್ಲುವುದಿಲ್ಲ.

ಏನು ಮಾಡಬೇಕೋ ತೋಚದೆ ಒಂಬತ್ತನೆಯವಳ ನಾಲ್ಕು ನಿಮಿಷ ಹಾಕಿದೆ. "ಸೂಪರ್‌ವೈಸರ್ ನನ್ನ ಒಳಗೆ ಕರ್ದು ಬಾಗ್ಲು ಹಾಕಿ..." ಪರದೆ ಕಪ್ಪಾಯಿತು.

ಹಿಂದಿನ ಸಾಲಿನಿಂದ ಅವಳು ಎದ್ದಳು. ಅದೇ ದನಿ, ಅದೇ ಏರಿಳಿತ, ಎರಡು ವರ್ಷದ ಹಿಂದೆ ಬಿಟ್ಟ ಉಸಿರನ್ನು ಅಲ್ಲಿಂದಲೇ ಎತ್ತಿಕೊಂಡಂತೆ:

"...ಬಾಗ್ಲು ಹಾಕಿ, ಒಂದ್ ಬಿಳಿ ಹಾಳೆ ಮೇಲೆ ನನ್ ಹೆಬ್ಬೆಟ್ಟು ಒತ್ತಿಸ್ಕೊಂಡ. ಹೆಬ್ಬೆಟ್ಟಲ್ಲಿ ರಕ್ತ ಇತ್ತು. ಒರೆಸ್ಕೋ ಅಂದ, ಹಾಳೆ ಕೊಳೆಯಾಗತ್ತೆ ಅಂತ."

ಗಾಡಿಯಣ್ಣ ಯಾರೂ ಹೇಳದೆಯೇ ಕ್ಯಾಮೆರಾ ಎತ್ತಿದ್ದ.

ಆಮೇಲೆ ನಾನು ಅತ್ತದ್ದನ್ನು ನೋಡಿ ನೀಲಿ ವಿಭಾಗದ ಅಕ್ಕ ಬೈದಳು: "ಯಾಕ್ರೀ ಅಳ್ತೀರ? ಡಬ್ಬಿಯಿಂದ ಹೋಯ್ತು, ನಮ್ ಎದೆಯಿಂದ ಹೋಗಿದ್ಯಾ? ಹೋಗಿದ್ರೆ ಕೆಮ್ಮೂ ಹೋಗ್ತಿತ್ತಲ್ಲ!" ಶೆಡ್ಡು ನಗುವಿನಿಂದ ಅದುರಿತು. ಅವಳ ತಂಗಿ, "ಹೋದ್ಸಲ ಸೆರಗು ಸರಿಯಾಗಿರ್ಲಿಲ್ಲ, ಒಳ್ಳೇದೇ ಆಯ್ತು ಬಿಡಿ" ಎಂದಳು.

ಹನ್ನೊಂದು ದಿನದಲ್ಲಿ ಇಪ್ಪತ್ತೈದು ಜನ ಮತ್ತೆ ಹೇಳಿದರು. ಹೋದ ಸಲ ನಾನು ಪ್ರಶ್ನೆ ಕೇಳಿ ಕೇಳಿ ಹೇಳಿಸಿದ್ದೆ. ಈ ಸಲ ನನ್ನನ್ನು ಹೊರಗೆ ಕೂರಿಸಿದರು. ತಮ್ಮತಮ್ಮಲ್ಲೇ ಕೇಳಿಕೊಂಡರು. ಹೋದ ಸಲ ಬಾರದ ಮಾತುಗಳು ಬಂದಿವೆ. ಆ ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿದವರು ಒಬ್ಬಳಲ್ಲ, ಹತ್ತೊಂಬತ್ತು ಜನ. ಕೇಳಿ ವಕೀಲೆ ಕುರ್ಚಿಯಿಂದ ಎದ್ದುಬಿಟ್ಟರು.

ಹಳದಿ ಅಜ್ಜಿಯ ಸರದಿ ಬಂದಾಗ ಅವಳ ಪಕ್ಕದ ಮಣೆಯಲ್ಲಿ ಹದಿನೇಳು ವರ್ಷ ಪುಡಿ ತೂಗಿದವಳು ಬಂದು ಕೂತಳು. "ಅಜ್ಜಿ ದಿನಾ ಹೇಳ್ತಿದ್ಲು, ನಾನು ದಿನಾ ಕೇಳ್ತಿದ್ದೆ" ಎಂದು ಶುರು ಮಾಡಿದಳು. ಅಜ್ಜಿ ಎಲ್ಲಿ ನಿಲ್ಲಿಸುತ್ತಿದ್ದಳೋ ಅಲ್ಲಿ ನಿಲ್ಲಿಸಿದಳು. ಎಲ್ಲಿ ಕೆಮ್ಮುತ್ತಿದ್ದಳೋ ಅಲ್ಲಿ ಕೆಮ್ಮಿದಳು. ಅಜ್ಜಿಯ ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಉಗುರಿನಷ್ಟು ಚೂರಿನಲ್ಲಿ ಎಂಟು ಜನರನ್ನು ಕಂಡೆ ಅಂದೆಯಲ್ಲ. ನಾನು ಒಬ್ಬ ಹೆಂಗಸಿನೊಳಗೆ ಇನ್ನೊಬ್ಬ ಹೆಂಗಸು ಹದಿನೇಳು ವರ್ಷ ಕೆಡದೆ ಇದ್ದದ್ದನ್ನು ಕಂಡೆ. ಇನ್ನೊಬ್ಬಾಕೆಯ ಮಾತನ್ನೂ ಹೀಗೆಯೇ ಅವಳ ಜೊತೆಯವಳು ಹೇಳಿದಳು. ಬೇರೆಯವರ ಬಾಯಿಂದ ಬಂದದ್ದನ್ನು ಸಮಿತಿ ಒಪ್ಪುವುದು ಕಷ್ಟ ಎನ್ನುತ್ತಾರೆ ವಕೀಲೆ. ಒಪ್ಪದಿದ್ದರೆ ಅದನ್ನು ಅವರು ಬರೆದು ಕೊಡಲಿ, ನಮ್ಮ ಪಟ್ಟಿಗೆ ಸೇರಿಸುತ್ತೇನೆ.

ಎರಡು ಡ್ರೈವನ್ನೂ ಖಾಲಿ ಇದ್ದಾಗಲೇ ತುಂಬಿ ಓದಿಸಿ ನೋಡಿದೆ. ತುಂಬಿದ ಮೇಲೆ ಕೊನೆಯವಳಿಂದ ಮೊದಲನೆಯವಳವರೆಗೆ ಒಂದೊಂದನ್ನೂ ತೆರೆದು ನೋಡಿದೆ. ಒಂದು ನನ್ನಲ್ಲಿ, ಒಂದು ಗಾಡಿಯಣ್ಣನ ಟವೆಲಿನಲ್ಲಿ. ಇನ್ನು ಮುಂದೆ ಪ್ರತಿ ಸಭೆಯಲ್ಲೂ ಬೇರೆಬೇರೆಯವರ ಮಾತು ಹಾಕುತ್ತೇವೆ, ಕೊನೆಯವಳಿಂದ ಶುರು. ಒಬ್ಬಳದನ್ನು ಪೂರ್ತಿ.

ಆ ಆಣೆ ಇನ್ನು ಸಾಕು. ಹಾಕಿಸಿಕೊಂಡವಳ ಸೊಸೆ ಬಿಡಿಸುತ್ತಿದ್ದೇನೆ. ಡ್ರೈವಿನೊಳಗೆ ಏನಿತ್ತು, ಏನಿರಲಿಲ್ಲ ಎಂದು ಸಮಿತಿಯ ಮುಂದೆ ಬಿಡಿಸಿ ಹೇಳಲು ಕಸುಬಿನವಳೇ ಬೇಕು. ಇಲ್ಲದಿದ್ದರೆ ಇವರೇ ಅಳಿಸಿ ಹೊಸದಾಗಿ ಕಟ್ಟಿದ್ದಾರೆ ಎನ್ನುತ್ತಾರೆ. ಬಿಚ್ಚಿದ ಡ್ರೈವ್ ತಗೊಂಡು ಬಾ. ಬೈದದ್ದಕ್ಕೆ ಎದುರಿಗೇ ಕ್ಷಮೆ ಕೇಳುತ್ತೇನೆ, ಕಾಗದದಲ್ಲಿ ಅಲ್ಲ.

ಅತ್ತಿಗೆ

*

ಸೆಪ್ಟೆಂಬರ್ 20

ಅತ್ತಿಗೆ,

ಡ್ರೈವಿನ ಹೊದಿಕೆ, ಕಬ್ಬಿಣದ ಬಿಲ್ಲೆಯ ಫೋಟೋ, ಉಗುರಿನಷ್ಟು ಕಾರ್ಡು, ಮೊದಲ ಎಂಟೂ ಕೊನೆಯ ಆರೂ ಹೇಳಿಕೆಗಳ ಪ್ರತಿ, ಚೀಲಕ್ಕೆ ಹಾಕಿಕೊಂಡಿದ್ದೇನೆ. ಬಿಲ್ಲೆಯನ್ನು ನೀವು ತನ್ನಿ, ಅದು ಈಗ ಎಲ್ಲರ ಕೈ ದಾಟಿದ ಸಾಕ್ಷಿ. ಅಂಗಡಿಗೆ ನಾಲ್ಕು ದಿನ ಬೀಗ.

ಒಂಬತ್ತನೆಯವಳನ್ನು ನನ್ನ ಪಕ್ಕ ಕೂರಿಸಿ. ನಾಲ್ಕು ನಿಮಿಷ ನಾನು ತೋರಿಸುತ್ತೇನೆ, ಪರದೆ ಕಪ್ಪಾಗುತ್ತದೆ, ಅಲ್ಲಿಂದ ಅವಳು ಎದ್ದು ಹೇಳಲಿ. ಕಂಪನಿಯ ವಕೀಲ ಅದನ್ನು ಹೇಗೆ ಅಳಿಸುತ್ತಾನೋ ನೋಡೋಣ.

ಸಮಿತಿ ಕೂರುವುದು ಹತ್ತೂವರೆಗೆ. ನಾನು ಬಸ್ಸಿಳಿದು ನೇರ ಕಾರ್ಖಾನೆಯ ಗೇಟಿಗೇ ಬರುತ್ತೇನೆ, ಗಾಡಿಯಣ್ಣನಿಗೆ ಗಾಡಿ ಅಲ್ಲೇ ನಿಲ್ಲಿಸಲು ಹೇಳಿ. ಎಲ್ಲರೂ ಒಟ್ಟಿಗೇ ಹೊರಡೋಣ: ಸೆಪ್ಟೆಂಬರ್ 26, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ.